ನಾಲ್ಕು ತೂತಿನ ಗುಟ್ಟು

ಪ್ರೊಸೆಸರನ್ನು ತಂಪಾಗಿಡುವ ಕೂಲರ್ ಹಾಳಾಗಿದೆ ಅಂದಿದ್ದಕ್ಕೆ ಇಡೀ ಕಂಪ್ಯೂಟರನ್ನೇ ಬದಲಾಯಿಸಿ ಅಂತ ಇವತ್ತು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಬ್ಬರು ಹೇಳಿದರು. ನಗುನಗುತ್ತಲೇ ಹೇಳಿದರು. ಟೀ ಬೇರೆ ಕೊಡಿಸಿದರು. ಹಾಗಾಗಿ ಅವರ ಮೇಲೆ ರೇಗುವುದಕ್ಕೂ ಆಗಲಿಲ್ಲ. ಆ ಸಿಟ್ಟನ್ನೆಲ್ಲ ಇಲ್ಲಿ ಕಾರುತ್ತಿದ್ದೇನೆ, ಸಹಿಸಿಕೊಳ್ಳಿ.

ದಾವಣಗೆರೆಯ ನಮ್ಮಕ್ಕನ ಡಿಟಿಪಿ ಅಂಗಡಿ ನಿಮಗೆಲ್ಲ ಗೊತ್ತೇ ಇದೆ. (ನಿಮ್ಮಲ್ಲಿ ಅರ್ಧ ಜನರ ಲಗ್ನಪತ್ರಿಕೆ ಅಲ್ಲೇ ಆಗಿದ್ದು. ಕೆಲವರ ಬಾಕಿ ಇನ್ನೂ ಬಂದಿಲ್ಲವಂತೆ, ಅದಿರಲಿ.) ಅವಳದ್ದು ಯಾವುದೋ ಆಫೀಸಿನಿಂದ ಹೊರಬಿದ್ದ ರೀಫರ್ಬಿಶ್ಡ್ ಬ್ರಾಂಡೆಡ್ ಡೆಸ್ಕ್‌ಟಾಪ್. 10ನೇ ಜನರೇಷನ್ ಇಂಟೆಲ್ ಐ5 ಪ್ರೊಸೆಸರ್. ನುಡಿ, ಕೋರಲ್‌ಡ್ರಾ, ಟ್ಯಾಲಿ ಇಷ್ಟಕ್ಕೆ ಇನ್ನೂ ಎಷ್ಟೋ ವರ್ಷ ಧಾರಾಳವಾಗಿ ಸಾಕು. ಆದರೆ ತಲೆಯ ಮೇಲೆ ಶೀಟು, ಹೊರಗೆ ದಾವಣಗೆರೆ ಬಿಸಿಲು, ಒಳಗೆ ಕಿರ್ರ್ ಅನ್ನುವ ಫ್ಯಾನು. ಪ್ರೊಸೆಸರ್ 100 ಡಿಗ್ರಿ ಮುಟ್ಟಿದ ಕೂಡಲೇ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಬಿಸಿ ಇಳಿಯದಿದ್ದರೆ ಮಿಷನ್ ಆಫ್. "ಮತ್ತೆ ಬಂದ್ ಆತು ನೋಡೋ, ಪಾರ್ಟಿ ಎದುರಿಗೇ ಕುಂತಾರೆ" ಅಂತ ಅಕ್ಕನ ಫೋನು.

ಕೂಲರ್ ಬಿಚ್ಚಿ ನೋಡಿದೆ. ಅಂಗೈ ಅಗಲದ ಅಲ್ಯೂಮಿನಿಯಂ ಗಟ್ಟಿ, ಮೇಲೊಂದು ಫ್ಯಾನು. ಪ್ರೊಸೆಸರಿನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಪುಡಿ. ಹೊಸದು ತಂದು ಕೂರಿಸಿದರೆ ಆಯಿತು, ಅಲ್ವಾ? ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅಂತಾರೆ. ಇಂಟೆಲ್‌ನ ಈ ಸಾಕೆಟ್‌ಗೆ, ಅಂದರೆ ಎಲ್‌ಜಿಎ 1200ಕ್ಕೆ, ಕೂಲರ್ ಕೂರುವ ತೂತುಗಳ ನಡುವೆ 75 ಮಿ.ಮೀ. ಅಂತರ. ಹಳೆಯ 1155, 1150, 1151 ಸಾಕೆಟ್‌ಗಳಿಗೂ ಅಷ್ಟೇ. ಅಳೆದೆ. ಇಲ್ಲೂ ಸರಿಯಾಗಿ 75.

ಆದರೂ ಕೂರಲ್ಲ.

ಯಾಕೆ ಗೊತ್ತಾ? ಅಂಗಡಿಯಲ್ಲಿ ಸಿಗುವ ಸಾದಾ ಕೂಲರ್‌ಗೆ ಪ್ಲಾಸ್ಟಿಕ್ ಪುಶ್ ಪಿನ್ ಇರುತ್ತದೆ. ಅದು ಬೋರ್ಡಿನ ತೂತಿನಲ್ಲಿ ತೂರಿ ಹಿಂದುಗಡೆ ಅರಳಿಕೊಳ್ಳಬೇಕು. ಈ ಕಂಪನಿಯವರು ಬೋರ್ಡಿನ ಹಿಂದೆ, ಕ್ಯಾಬಿನೆಟ್ಟಿನ ತಗಡಿಗೇ ನಾಲ್ಕು ಕಬ್ಬಿಣದ ಗೂಟ ಕೂರಿಸಿದ್ದಾರೆ. ಕೂಲರ್ ಸ್ಕ್ರೂ ನೇರವಾಗಿ ಆ ಗೂಟದ ಥ್ರೆಡ್ಡಿಗೆ ಹೋಗುತ್ತದೆ. ಹಾಗಾಗಿ ಪಿನ್ನಿಗೆ ಅರಳಲು ಜಾಗವೇ ಇಲ್ಲ. ಬೋರ್ಡಿನ ಹಿಂದೆ ಕೂರಿಸುವ ಬ್ಯಾಕ್‌ಪ್ಲೇಟ್ ಇರುವ ದುಬಾರಿ ಕೂಲರ್ ತರೋಣ ಅಂದರೆ ಅದಕ್ಕೂ ಇದೇ ಗೂಟ ಅಡ್ಡ. ಬೋರ್ಡಿನಿಂದ ಪಕ್ಕದ ಬಾಗಿಲಿನವರೆಗೆ ಇರುವ ಜಾಗವೂ ಕಡಿಮೆ. 120 ಮಿ.ಮೀ. ಫ್ಯಾನಿನ ಟವರ್ ಕೂಲರ್‌ಗಳು ಸಾಮಾನ್ಯವಾಗಿ 155 ಮಿ.ಮೀ. ಆಸುಪಾಸು ಎತ್ತರ ಇರುತ್ತವೆ. ಹಾಕಿದರೆ ಬಾಗಿಲು ಮುಚ್ಚಲ್ಲ.

ಹೋಗಲಿ, ಫ್ಯಾನ್ ಒಂದನ್ನೇ ಬದಲಿಸೋಣ ಅಂದುಕೊಂಡೆ. ನಾಲ್ಕು ಪಿನ್ ಫ್ಯಾನಿಗೆ ಜಗತ್ತಿಗೆಲ್ಲ ಒಂದೇ ಕ್ರಮ ಇದೆ: ಗ್ರೌಂಡ್, 12 ವೋಲ್ಟ್, ವೇಗ ತಿಳಿಸುವ ವೈರು, ವೇಗ ಹಿಡಿತದಲ್ಲಿಡುವ ವೈರು. ಇವರ ಪ್ಲಗ್ಗಿನಲ್ಲಿ ಐದು ತೂತು! ಅದಕ್ಕೂ ದಾರಿ ಮಾಡಿ ಬೇರೆ ಫ್ಯಾನ್ ಹಾಕಿದರೆ ಆನ್ ಮಾಡಿದಾಗಲೆಲ್ಲ ಫ್ಯಾನ್ ಕಾಣಿಸ್ತಿಲ್ಲ, ಎಫ್1 ಒತ್ತಿ ಅನ್ನುತ್ತದೆ. ಎದುರಿಗೇ ಗಿರಗಿರ ತಿರುಗುತ್ತಿದೆಯಲ್ಲೋ ಮಾರಾಯ! "ದಿನಾ ಒತ್ತಬೇಕೇನೋ?" ಅಂತ ಅಕ್ಕ. ಏನು ಹೇಳಲಿ.

ಜೋಡಣೆ ಬೇರೆ ಇದೆ ಅಂತ ನನಗೆ ಸಿಟ್ಟಿಲ್ಲ. ಅದನ್ನು ಎಲ್ಲೂ ಬರೆದು ಹಾಕಿಲ್ಲವಲ್ಲ, ಅದಕ್ಕೆ ಸಿಟ್ಟು. 2021ರಲ್ಲಿ ಇಂಟೆಲ್ 12ನೇ ಜನರೇಷನ್ ತಂದಾಗ ತೂತುಗಳ ಅಂತರ 75 ಇದ್ದದ್ದನ್ನು 78 ಮಿ.ಮೀ. ಮಾಡಿತು. ಮೂರೇ ಮಿ.ಮೀ., ಹಳೆಯ ಕೂಲರ್‌ಗಳೆಲ್ಲ ಕೂತಲ್ಲೇ ಬೇಡವಾದವು. ಆದರೆ ಅಳತೆ ಎಲ್ಲರ ಕೈಗೂ ಸಿಕ್ಕಿತ್ತು. ಕೂಲರ್ ಮಾಡುವ ನಾಕ್ಟುವಾ ಕಂಪನಿಯವರು ಹಳೆಯ ಗಿರಾಕಿಗಳಿಗೆ ಹೊಸ ಕ್ಲಾಂಪುಗಳ ಕಿಟ್ಟನ್ನು ಪುಕ್ಕಟೆ ಕಳಿಸಿಕೊಟ್ಟರು. ಇಂಟೆಲ್‌ನ ಎದುರಾಳಿ ಎಎಂಡಿಯವರಂತೂ 2022ರಲ್ಲಿ ಸಾಕೆಟ್ಟನ್ನೇ ಬದಲಾಯಿಸಿದರೂ ಕೂಲರ್ ತೂತುಗಳನ್ನು ಮೊದಲಿದ್ದ ಜಾಗದಲ್ಲೇ ಬಿಟ್ಟರು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ಕುಕ್ಕರ್ ಗ್ಯಾಸ್ಕೆಟ್ ಕೇಳಲು ಹೋದರೆ ಕಂಪನಿ ಹೆಸರು, ಎಷ್ಟು ಲೀಟರ್ ಅಂತ ಹೇಳಿದರೆ ಸಾಕು, ಅಂಗಡಿಯವನು ಮೊಳೆಗೆ ನೇತುಹಾಕಿದ್ದನ್ನು ತೆಗೆದು ಕೊಡುತ್ತಾನೆ. ಕಂಪ್ಯೂಟರಿಗೆ ಮಾತ್ರ ಅದೇನೋ ದೇವರ ಗುಟ್ಟು.

ಈಗ ಬರುತ್ತಾರೆ ನಮ್ಮ ಇಂಜಿನಿಯರ್ ಗೆಳೆಯರು. "ನಿನಗೆ ಗೊತ್ತಿಲ್ಲ ಕಣೋ, ಗಾಳಿ ಹೇಗೆ ಓಡಾಡಬೇಕು ಅಂತ ಅವರು ಲೆಕ್ಕ ಹಾಕಿ ಮಾಡಿರುತ್ತಾರೆ. ಒಳಗಿನ ಆ ಪ್ಲಾಸ್ಟಿಕ್ ಕೊಳವೆ ಸುಮ್ನೆ ಇಟ್ಟಿದ್ದಲ್ಲ." ಒಪ್ಪಿದೆ ಸ್ವಾಮಿ. ಆ ಕೊಳವೆ ಬಿಸಿಗಾಳಿಯನ್ನು ನೇರ ಹಿಂದಕ್ಕೆ ಕಳಿಸುತ್ತದೆ, ಸದ್ದೂ ಕಮ್ಮಿ. ಕಬ್ಬಿಣದ ಗೂಟದಿಂದ ಬೋರ್ಡು ಬಗ್ಗಲ್ಲ, ಅದೂ ನಿಜ. ಆದರೆ ಗಾಳಿಯ ಲೆಕ್ಕ ಹಾಕುವಷ್ಟು ಬುದ್ಧಿ ಇದ್ದವರಿಗೆ ಮ್ಯಾನುಯಲ್ಲಿನಲ್ಲಿ ಸ್ಕ್ರೂ ಸೈಜು, ಎತ್ತರ, ಪ್ಲಗ್ಗಿನ ಕ್ರಮ ಬರೆಯಲು ಏನು ಕಷ್ಟ? ಮೂರು ಸಾಲು. ಹದಿನೆಂಟು ಭಾಷೆಯಲ್ಲಿ "ಮಿಷನ್ ಮೇಲೆ ನೀರು ಚೆಲ್ಲಬೇಡಿ" ಅಂತ ಬರೆಯೋಕೆ ಜಾಗ ಇತ್ತಲ್ಲ.

2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರೈಟ್ ಟು ರಿಪೇರ್, ಅಂದರೆ ರಿಪೇರಿಯ ಹಕ್ಕಿನ, ಪೋರ್ಟಲ್ ಶುರು ಮಾಡಿತು. ಆಸೆಯಿಂದ ಅಲ್ಲೂ ಹುಡುಕಿದೆ. ಸರ್ವಿಸ್ ಸೆಂಟರಿನ ದಾರಿ ಸಿಕ್ಕಿತು, ಗೂಟದ ಅಳತೆ ಸಿಗಲಿಲ್ಲ. ಸರ್ವಿಸ್ ಸೆಂಟರಿನವರು ವಾರಂಟಿ ಮುಗಿದಿದೆ ಅಂದರು. ಅದು ನನಗೂ ಗೊತ್ತಿತ್ತು.

ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಆಫೀಸಿನಲ್ಲಿ ಗೊತ್ತುಮಾಡಿದಷ್ಟು ವರ್ಷ ತುಂಬಿದ ಮಿಷನ್‌ಗಳನ್ನು ಲಾಟಿನಲ್ಲಿ ಸಾಗಿಸುವ ಪಟ್ಟಿಗೆ ಸಹಿ ಹಾಕುವವನು ನಾನೇ. ಚೆನ್ನಾಗಿ ಓಡುತ್ತಿರುವ ಮಿಷನ್‌ಗಳು. ಅವು ಎಲ್ಲಿಗೆ ಹೋಗುತ್ತವೆ ಅಂತ ಕೇಳಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ, ನನಗೂ ಇಲ್ಲ. ಅಕ್ಕನಂಥವರ ಅಂಗಡಿಗೆ ಹೋಗುತ್ತವೆ. ಅಲ್ಲಿ ಒಂದು ಫ್ಯಾನಿಗೋಸ್ಕರ ಸಾಯುತ್ತವೆ.

ಕೊನೆಗೆ ಕೂಲರ್ ಸಿಕ್ಕಿದ್ದು ಅದೇ ರೋಡಿನ ಒಳಗಲ್ಲಿಯಲ್ಲಿ, ಹಳೇ ಮಿಷನ್ ಬಿಚ್ಚಿ ಮಾರುವ ಹುಡುಗನ ಹತ್ತಿರ. ಅವನು ನನ್ನ ಭಾಷಣ ಕೇಳಲೇ ಇಲ್ಲ. ಫ್ಯಾನಿನ ಪಕ್ಕದ ಚೀಟಿ ತಿರುಗಿಸಿ ಪಾರ್ಟ್ ನಂಬರ್ ಓದಿದ. "ಅಣ್ಣ, ಇದು 65 ವ್ಯಾಟಿಂದು. ಇದೇ ಸೀರೀಸಲ್ಲಿ ಐ7 ಮಿಷನ್ ಬರುತ್ತಲ್ಲ, ಅದರ ದೊಡ್ಡದು ಹಾಕ್ಕೊಳ್ಳಿ, ತಾಮ್ರದ ಪೈಪ್ ಇರೋದು" ಅಂದ. ಅದೇ ಗೂಟ, ಅದೇ ಐದು ತೂತಿನ ಪ್ಲಗ್ಗು, ಬಾಗಿಲೂ ಮುಚ್ಚುತ್ತದೆ. ಕಂಪನಿ ಬರೆಯದೆ ಬಿಟ್ಟದ್ದೆಲ್ಲ ಆ ಹುಡುಗನ ತಲೆಯಲ್ಲಿದೆ. ನಿಮ್ಮದೂ ಬ್ರಾಂಡೆಡ್ ಮಿಷನ್ ಆಗಿದ್ದರೆ ಮೊದಲು ಆ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಪೆಟ್ಟಿಗೆ ಮೇಲೆ "ಎಲ್ಲ ಇಂಟೆಲ್ ಸಾಕೆಟ್‌ಗೂ ಆಗುತ್ತದೆ" ಅಂತ ಬರೆದಿದ್ದನ್ನು ನಂಬಿ ಆನ್‌ಲೈನಲ್ಲಿ ತರಿಸಬೇಡಿ. ಸಾಕೆಟ್‌ಗೆ ಆಗುತ್ತದೆ, ನಿಮ್ಮ ಕ್ಯಾಬಿನೆಟ್ಟಿಗೆ ಆಗಬೇಕಲ್ಲ.

ಯಾರಾದರೂ ಇಂಥ ಮಿಷನ್ ಬಿಚ್ಚಿದ್ದರೆ ಮಾಡೆಲ್, ತೂತಿನ ಅಂತರ, ಪ್ಲಗ್ಗಿನ ಪಿನ್ನು, ಬಾಗಿಲಿನವರೆಗಿನ ಎತ್ತರ ಕಾಮೆಂಟಿನಲ್ಲಿ ಹಾಕಿ. ನಾವೇ ಒಂದು ಪಟ್ಟಿ ಮಾಡೋಣ. "ಹೊಸದು ತಗೊಳ್ಳಿ ಸಾರ್" ಅನ್ನುವವರು ಮೊದಲು ಅಕ್ಕನಿಗೆ ಕೊಡಬೇಕಾದ ಲಗ್ನಪತ್ರಿಕೆ ಬಾಕಿ ಕಳಿಸಿ, ಆಮೇಲೆ ಮಾತಾಡೋಣ.