ಪಂಕ್ಚರಿಗೆ ಯಾರೂ ದಾನ ಕೊಡೋದಿಲ್ಲ

"ಏ ತಂಗಿ, ಬಸ್ಸು ಪುಕ್ಕಟೆ ಐತಲ್ಲ, ಈ ಬಿಸಿಲಾಗ ಯಾಕ ತುಳಕೋತ ಹೊಂಟೀಯವ್ವಾ?"

ತಳಕಲ್ ದಾಟಿ ಕುಕನೂರಿನ ಕಡೆ ಹೊರಳಿದ ಮೇಲೆ, ಹೊಲದ ಬದುವಿನಲ್ಲಿ ಕಡ್ಲಿ ಪಲ್ಯೆ ಚಿವುಟುತ್ತಿದ್ದ ಅಜ್ಜಿ ಕೇಳಿದ ಪ್ರಶ್ನೆ ಇದು. ತಲೆಗೆ ಹೆಲ್ಮೆಟ್, ಮೈಮೇಲೆ ಚೂಡಿದಾರ, ಅದರ ಮೇಲೆ 'ಬಾಲಕಿಯರಿಗೆ ಸೈಕಲ್' ಅಂತ ಬರೆದ ಟೀ ಶರ್ಟ್. ನಲವತ್ತು ದಾಟಿದ ಹೆಂಗಸು ಈ ವೇಷದಲ್ಲಿ ಏದುಸಿರು ಬಿಡುತ್ತ ಬಂದರೆ ಯಾರಿಗಾದರೂ ಕನಿಕರ ಹುಟ್ಟಬೇಕಾದ್ದೇ. "ಸಾಲಿ ಹುಡುಗ್ಯಾರಿಗೆ ಸೈಕಲ್ ಕೊಡಸಾಕ ರೊಕ್ಕ ಕೂಡಸಾಕತ್ತೀವಿ ಅಜ್ಜಿ" ಅಂದೆ. ಅಜ್ಜಿ ನನ್ನನ್ನೂ ಸೈಕಲ್ಲನ್ನೂ ಮೇಲಿಂದ ಕೆಳಗೆ ನೋಡಿದರು. "ನೀ ತುಳದ್ರ ಅವ್ರಿಗೆ ಹೆಂಗ ಸೈಕಲ್ ಬರತೈತಿ?"

ಉತ್ತರ ಇರಲಿಲ್ಲ. ಒಂದು ಹಿಡಿ ಸುಲಗಾಯಿ ಕೊಟ್ಟರು, ತಿನ್ನುತ್ತ ಮುಂದೆ ಹೋದೆ.

ಎಳ್ಳಮಾಸಿ ಮುಗಿದ ಮೇಲಿನ ಭಾನುವಾರ ನಮ್ಮ ಗೆಳೆಯರ ಬಳಗದ ನಲವತ್ತು ಮಂದಿ ಕೊಪ್ಪಳದಿಂದ ಇಟಗಿಗೆ ಸೈಕಲ್ ಮೇಲೆ ಹೋದೆವು. ಹೋಗೋದಷ್ಟೇ ಸೈಕಲ್ ಮೇಲೆ. ಬರುವಾಗ ಸೈಕಲ್ಲೂ ನಾವೂ ಟಾಟಾ ಏಸ್‌ನಲ್ಲಿ, ಅದನ್ನು ಮುಚ್ಚಿಡುವುದೇನಿದೆ. ಪ್ರತಿಯೊಬ್ಬರೂ ಪರಿಚಯದವರ ಹತ್ತಿರ ಕೇಳಿ ಹಣ ಕೂಡಿಸಬೇಕು, ಆ ಹಣದಲ್ಲಿ ಹೈಸ್ಕೂಲಿಗೆ ನಡೆದು ಹೋಗುವ ಹುಡುಗಿಯರಿಗೆ ಹೊಸ ಸೈಕಲ್. ಭಾನಾಪುರದವರೆಗೆ ಹೆದ್ದಾರಿ, ಅದರ ಬಗ್ಗೆ ಹೇಳಲು ಏನೂ ಇಲ್ಲ, ಲಾರಿ ಹಾರ್ನ್ ಬಿಟ್ಟರೆ. ಒಳರಸ್ತೆಗೆ ಬಿದ್ದ ಮೇಲೆ ಊರು ಕಾಣತೊಡಗಿತು. ಎರೆ ಹೊಲದಲ್ಲಿ ಎದೆಮಟ್ಟ ನಿಂತ ಬಿಳಿಜೋಳ, ಅರ್ಧ ರಸ್ತೆಗೆ ಒಣಹಾಕಿದ ಮೆಕ್ಕೆಜೋಳ, ಬೆನ್ನಿಗೆ ಮೂಡಗಾಳಿ. ಹತ್ತನೇ ವಯಸ್ಸಿನಲ್ಲಿ ಅಪ್ಪನ ಸೈಕಲ್ ಕದ್ದು ಒಳಪೆಡಲ್ ಹೊಡೆದ ಮೇಲೆ ಇಷ್ಟು ಖುಷಿಯಾಗಿ ನಾನು ಸೈಕಲ್ ತುಳಿದಿದ್ದೇ ಇಲ್ಲ.

ಆಮೇಲೆ ಹಿಂದಿನ ಗಾಲಿ ಪುಸ್ಸೆಂದಿತು.

ಬಳ್ಳಾರಿ ಜಾಲಿ. ಹೆಸರು ನಮ್ಮ ಪಕ್ಕದ ಜಿಲ್ಲೆಯದು, ಗಿಡ ಮಾತ್ರ ಅಮೆರಿಕ ಖಂಡದಿಂದ ಬಂದದ್ದು. ಉರುವಲಿಗೆಂದು ತಂದು ಬಿತ್ತಿದರು, ಈಗ ಹಳ್ಳ, ಕೆರೆ, ರಸ್ತೆ ಅಂಚು ಎಲ್ಲ ಅದರದ್ದೇ. ಬೆರಳುದ್ದದ ಮುಳ್ಳು ಟೈರನ್ನೂ ಟ್ಯೂಬನ್ನೂ ಹೊಕ್ಕು ರಿಮ್ಮಿಗೆ ತಾಗಿ ನಿಂತಿತ್ತು. ಸೈಕಲ್ ನನ್ನದಲ್ಲ, ಹುಬ್ಬಳ್ಳಿಯಲ್ಲಿರುವ ಅಣ್ಣನ ಮಗನದ್ದು. ಬೆಲೆ ಕೇಳಿದರೆ ನಮ್ಮ ಓಣಿಯವರು ಸ್ಕೂಟಿ ತಗೋಬಹುದಿತ್ತಲ್ಲ ಅಂತಾರೆ.

ಅರ್ಧ ಕಿಲೋಮೀಟರ್ ದಬ್ಬಿಕೊಂಡು ಹೋದರೆ ಒಂದೂರ ಬಸ್‌ಸ್ಟಾಪಿನ ಪಕ್ಕ ಪಂಕ್ಚರ್ ಅಂಗಡಿ. ಐವತ್ತರ ಆಸುಪಾಸಿನವರು, ಟ್ಯೂಬ್ ಬಿಚ್ಚಿ ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡಿದರು. ಉಪ್ಪುಕಾಗದ ತಿಕ್ಕಿ, ಸಲ್ಯೂಷನ್ ಹಚ್ಚಿ, ಊದಿ, ತುಂಡು ಅಂಟಿಸಿ, ಸುತ್ತಿಗೆಯಿಂದ ಎರಡೇಟು. ಹತ್ತು ನಿಮಿಷದ ಕೆಲಸ. ತೊಡಕಾಗಿದ್ದು ಗಾಳಿ ಹಾಕುವಾಗ. ಇಂಥ ಸೈಕಲ್ಲಿಗೆ ಇರುವುದು ಪ್ರೆಸ್ಟಾ ವಾಲ್ವ್, ಸೀಳಿದ ಕಡ್ಡಿಯಂತೆ ಸಣ್ಣದು. ಅವರ ಪಂಪೂ ಕೂಡಲಿಲ್ಲ, ಬೈಕಿಗೆ ಗಾಳಿ ಹಾಕುವ ಕಂಪ್ರೆಸರ್ ಪೈಪೂ ಕೂಡಲಿಲ್ಲ. ಇದಕ್ಕೊಂದು ಅಡಾಪ್ಟರ್ ಸಿಗುತ್ತದೆ, ಅದನ್ನು ನಾನು ತಂದಿರಲಿಲ್ಲ.

"ಇಷ್ಟು ರೊಕ್ಕದ ಸೈಕಲ್ಲು, ಗಾಳಿ ಹಾಕಾಕ ಬರಂಗಿಲ್ಲಲ್ರೀ ಅಕ್ಕಾರ" ಅಂದು ಸ್ವಲ್ಪ ಹೊತ್ತು ವಾಲ್ವ್ ಹಿಡಿದು ತಿರುಗಿಸಿ ನೋಡಿದರು. ಅದರ ಪ್ಲಾಸ್ಟಿಕ್ ಟೋಪಿ ತಗೊಂಡು ಬ್ಲೇಡಿನಿಂದ ತುದಿ ಕತ್ತರಿಸಿ, ತಲೆಕೆಳಗು ಮಾಡಿ ವಾಲ್ವಿಗೆ ತಿರುಚಿದರು. ಮೇಲೆ ಕಂಪ್ರೆಸರ್ ಪೈಪು ಒತ್ತಿ ಹಿಡಿದರೆ ಗಾಳಿ ಹೋಯಿತು! ಇಪ್ಪತ್ತು ರೂಪಾಯಿ ತಗೊಂಡರು. ಐವತ್ತರ ನೋಟು ಕೊಟ್ಟು ಚಿಲ್ಲರೆ ಬೇಡ ಅಂದೆ, ಕೇಳಲಿಲ್ಲ, ಮೂವತ್ತು ಎಣಿಸಿ ಕೈಗಿಟ್ಟರು.

ಅಂಗಡಿಯ ಹಿಂದೆ ತಗಡಿನ ಮರೆಯಲ್ಲಿ ಒಂದರ ಮೇಲೊಂದು ಒರಗಿಸಿದ ಸೈಕಲ್ಲುಗಳು ಕಂಡವು. ಎಣಿಸಿದರೆ ಹನ್ನೆರಡು. ಚೈನಿಗೆ ತುಕ್ಕು, ಟೈರು ಬಿರುಕು, ಒಂದರ ಸೀಟಿನ ಸ್ಪಂಜಿನಲ್ಲಿ ಇರುವೆ ಗೂಡು. ಎಲ್ಲವೂ ಸರ್ಕಾರ ಕೊಟ್ಟ 'ಸಾಲಿ ಸೈಕಲ್ಲು'. ನಮ್ಮ ಕಡೆ ಸಣ್ಣ ಊರುಗಳಲ್ಲಿ ಏಳನೇತ್ತದ ತನಕ ಶಾಲೆ ಊರಲ್ಲೇ ಇರುತ್ತದೆ, ಎಂಟನೇತ್ತಕ್ಕೆ ಪಕ್ಕದೂರಿಗೆ ಹೋಗಬೇಕು. ಹುಡುಗಿಯರು ಶಾಲೆ ಬಿಡುವುದೂ ಅಲ್ಲೇ. ಅದಕ್ಕೇ 2006-07ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು, ಕೋವಿಡ್ ಬಂದಾಗ ನಿಂತಿತು. ಈ ಹನ್ನೆರಡು ಅದಕ್ಕೂ ಮುಂಚಿನವು. ಅಕ್ಕನಿಗೆ ಬಂದ ಸೈಕಲ್ಲು, ಈಗ ತಂಗಿ ಎಂಟನೇತ್ತ. "ಟೈರು ಟ್ಯೂಬು ಹಾಕಿದ್ರ ಓಡತಾವ್ರೀ. ಒಂದಕ್ಕ ಎಂಟುನೂರು ಹಿಡೀತೈತಿ. ಅವ್ರ ಹಂತ್ಯಾಕ ಇಲ್ಲ, ನನ್ನ ಹಂತ್ಯಾಕೂ ಇಲ್ಲ" ಅಂದರು.

ಬಸ್ಸಿನ ಮಾತೂ ಕೇಳಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಅಜ್ಜಿ ಹೇಳಿದ್ದು ಸುಳ್ಳಲ್ಲ. ಆದರೆ ಆ ಊರಿಗೆ ಬೆಳಗಿನ ಬಸ್ಸು ಬರುವುದು ಶಾಲೆ ಗಂಟೆ ಹೊಡೆದ ಮೇಲೆ. ಪುಕ್ಕಟೆಯಾದರೂ ಬರದ ಬಸ್ಸು ಹತ್ತಲಿಕ್ಕಾಗದಲ್ಲ.

ಅಲ್ಲಿಂದ ಇಟಗಿಯವರೆಗೆ ತಲೆಯಲ್ಲಿ ಒಂದೇ ಲೆಕ್ಕ. ನಮ್ಮ ಟೀ ಶರ್ಟ್ ಒಂದಕ್ಕೆ 250 ರೂಪಾಯಿ. ನಲವತ್ತಕ್ಕೆ ಹತ್ತು ಸಾವಿರ. ಹನ್ನೆರಡು ಸೈಕಲ್ ರಿಪೇರಿಗೆ 9,600. ಅಂದರೆ ಆ ಹನ್ನೆರಡು ಹುಡುಗಿಯರ ಸೈಕಲ್ಲನ್ನು ನಾವು ಮೈಮೇಲೆ ಹಾಕಿಕೊಂಡು ಹೊರಟಿದ್ದೆವು. ಬ್ಯಾನರ್, ಶಾಲು, ಹಾರ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಇಟಗಿಯಲ್ಲಿ ಒಗ್ಗರಣಿ ಮಿರ್ಚಿ ತಿಂದು ಮಹಾದೇವ ಗುಡಿಯ ಜಗಲಿಯಲ್ಲಿ ಕಾಲು ಚಾಚಿದೆವು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. 'ದೇವಾಲಯ ಚಕ್ರವರ್ತಿ' ಅಂತ ಶಾಸನವೇ ಕರೆದಿದೆ. ಕಂಬ ನೋಡುತ್ತಿದ್ದರೆ ಕಲ್ಲನ್ನು ಚರಕಿಗೆ ಹಾಕಿ ತಿರುಗಿಸಿದ್ದಾರೆ ಅನಿಸುತ್ತದೆ. ನಮ್ಮ ಜೊತೆಗಿದ್ದ ಇತಿಹಾಸದ ಮೇಷ್ಟ್ರು ದಾನಶಾಸನಗಳಲ್ಲಿ ಪದೇ ಪದೇ ಬರುವ ಒಂದು ಮಾತು ಹೇಳಿದರು: 'ಖಂಡಸ್ಫುಟಿತ ಜೀರ್ಣೋದ್ಧಾರ'. ಒಡೆದದ್ದು, ಬಿರಿದದ್ದು, ಹಳತಾದದ್ದನ್ನು ಸರಿಮಾಡುವುದಕ್ಕೆ ಅಂತಲೇ ಹೊಲ ಬಿಟ್ಟುಕೊಡುತ್ತಿದ್ದರಂತೆ. ಪೂಜೆಗೆ, ದೀಪದೆಣ್ಣೆಗೆ, ಅದರ ಜೊತೆ ರಿಪೇರಿಗೆ. ದಾನ ಕೊಡುವ ದಿನವೇ ಇದು ಒಂದು ದಿನ ಒಡೆಯುತ್ತದೆ ಅಂತ ಬರೆದಿಡುವ ಬುದ್ಧಿ ಅವರಿಗಿತ್ತು.

ನಾವು ಪಂಕ್ಚರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೊಸ ಸೈಕಲ್ಲಿಗೆ ರಿಬ್ಬನ್ ಕಟ್ಟಿ, ಹುಡುಗಿಯ ಕೈಗೆ ಹ್ಯಾಂಡಲ್ ಕೊಟ್ಟು, ಹತ್ತು ಜನ ಸುತ್ತ ನಿಂತು ಫೋಟೋ ಹಿಡಿಸಬಹುದು. ಟ್ಯೂಬಿಗೆ ತುಂಡು ಅಂಟಿಸುವ ಫೋಟೋಗೆ ಲೈಕ್ ಎಷ್ಟು ಬಂದೀತು? ವರ್ಷದೊಳಗೆ ಆ ಹೊಸ ಸೈಕಲ್ಲಿಗೂ ಜಾಲಿ ಮುಳ್ಳು ಹೊಗುತ್ತದೆ, ತಗಡಿನ ಹಿಂದೆ ಹದಿಮೂರನೆಯದಾಗಿ ಒರಗುತ್ತದೆ.

ಸಂಜೆ ಸಭೆಯಲ್ಲಿ ಇದನ್ನೇ ಹೇಳಿದೆ. ಅರ್ಧ ಹಣ ಹೊಸ ಸೈಕಲ್ಲಿಗೆ ಇರಲಿ, ಉಳಿದರ್ಧ ರಿಪೇರಿಗೆ, ಅದೂ ಆಯಾ ಊರಿನ ಪಂಕ್ಚರ್ ಅಂಗಡಿಯವರ ಕೈಯಲ್ಲೇ, ಅಂದೆ. ಒಬ್ಬರು "ದಾನ ಕೊಟ್ಟವರಿಗೆ ಏನು ತೋರಿಸೋಣು ಮೇಡಂ?" ಅಂದರು. ಕೆಟ್ಟ ಪ್ರಶ್ನೆಯಲ್ಲ. ನಾನೂ ದುಡ್ಡು ಕೊಟ್ಟ ಮೇಲೆ ಫೋಟೋ ಕಾಯುವವಳೇ. ಆದರೂ ಮನಸ್ಸು ಒಪ್ಪಲಿಲ್ಲ, ಸ್ವಲ್ಪ ಜೋರಾಗೇ ಮಾತಾಡಿದೆ ಅನಿಸುತ್ತೆ. ಸಭೆ ಅರ್ಧ ಒಪ್ಪಿತು, ಅರ್ಧ ಮುಂದಿನ ವರ್ಷ ನೋಡೋಣ ಅಂತು. ಸದ್ಯಕ್ಕೆ ನಾವು ಆರು ಜನ ಸೇರಿ 9,600 ಕೂಡಿಸಿ ಆ ಅಂಗಡಿಗೆ ಮುಟ್ಟಿಸಿದ್ದೇವೆ.

ನಿನ್ನೆ ಅವರ ಫೋನ್ ಬಂದಿತ್ತು. ಹನ್ನೊಂದು ತಯಾರಾಗಿ ಮನೆ ಸೇರಿವೆ. ಹನ್ನೆರಡನೆಯದಕ್ಕೆ ಎಡಗಡೆ ಪೆಡಲ್ ಇಲ್ಲ. ಬಲಗಡೆಯದು ಬೇಕಾದಷ್ಟಿವೆ, ಎಡಕ್ಕೆ ಥ್ರೆಡ್ ಉಲ್ಟಾ ಇರುವುದರಿಂದ ಕೂಡುವುದಿಲ್ಲ. ಕೊಪ್ಪಳದಲ್ಲಿ ಯಾರ ಮನೆಯಲ್ಲಾದರೂ ಮೂಲೆಗೆ ಬಿದ್ದ ಹಳೆ ಲೇಡೀಸ್ ಸೈಕಲ್ ಇದ್ದರೆ ಕಾಮೆಂಟಿನಲ್ಲಿ ಹೇಳ್ರಿ. ಎಡಗಡೆ ಪೆಡಲ್ ಒಂದೇ ಸಾಕು, ನಾನೇ ಬಂದು ಬಿಚ್ಚಿಕೊಂಡು ಹೋಗ್ತೀನಿ.