ಬೇರಿಂಗ್ ನಂಬರ್ ಏನದ?

ಹೋದ ಆಗಸ್ಟಿನಲ್ಲಿ ಊರಿಗೆ ಹೋಗಿದ್ದೆ. ಬೀದರಿನಿಂದ ಅರ್ಧ ಗಂಟೆ ದಾರಿ ನಮ್ಮ ಹಳ್ಳಿ. ಅಣ್ಣನ ನಾಲ್ಕು ಎಕರೆ ಮಾವಿನ ತೋಟದಲ್ಲಿ ಹುಲ್ಲು ಮೊಣಕಾಲಿನ ತನಕ ಬೆಳೆದಿತ್ತು. ಕೆಂಪು ಮಣ್ಣು, ಅಲ್ಲಲ್ಲಿ ತಲೆ ಎತ್ತಿದ ಕೆಂಪು ಕಲ್ಲು. ಬೀದರ್ ಕೋಟೆ ಕಟ್ಟಿದ್ದು ಇದೇ ಕಲ್ಲಿನಲ್ಲಿ. ಮಳೆಗಾಲದಲ್ಲಿ ಹುಲ್ಲು ಬೆಳೆದರೆ ಕಲ್ಲು ಎಲ್ಲಿದೆ ಅಂತ ಕಾಣುವುದೇ ಇಲ್ಲ.

ಅಣ್ಣ ಕೇಳಿದ, "ನೀ ಮನಿ ಹಿಂದ ಕುಂತು ಓಡಸ್ತೀಯಲ್ಲ, ಆ ಹುಲ್ಲು ಕೊಯ್ಯೋ ಮಷೀನ್ ಇಲ್ಲಿಗಿ ತಂದ್ರ ಹ್ಯಾಂಗ?"

ನಾನು ಇಷ್ಟು ಹಾರ್ಸ್‌ಪವರ್, ಇಷ್ಟು ಇಂಚಿನ ಕಟಾವು ಅಂತ ಹೇಳತೊಡಗಿದೆ. ಅವನು ಕೈ ಎತ್ತಿ ತಡೆದ. "ಅದೆಲ್ಲಾ ಇರಲಿ ತಮ್ಮಾ. ಕಲ್ಲಿಗಿ ಬಡದ್ರ ಮೊದಲು ಏನ್ ಮುರೀತದ? ಬೇರಿಂಗ್ ನಂಬರ್ ಏನದ?"

ಬೇರಿಂಗ್ ಅಂದರೆ ತಿರುಗುವ ದಂಡವನ್ನು ಹಿಡಿದು ಸಲೀಸಾಗಿ ತಿರುಗಲು ಬಿಡುವ, ಒಳಗೆ ಗುಂಡುಗಳಿರುವ ಬಳೆ. ಅದರ ಅಳತೆ ಹೇಳುವುದು ನಂಬರ್. ಅಮೆರಿಕದ ಜಾರ್ಜಿಯಾದಲ್ಲಿ ನಾನು ಇರುವುದು ಹದಿಮೂರು ವರ್ಷದಿಂದ. ಅಲ್ಲಿಯ ಅಂಗಡಿಯಲ್ಲಿ ಈ ಎರಡು ಪ್ರಶ್ನೆ ಯಾರೂ ಕೇಳಿದ್ದನ್ನು ನಾನು ನೋಡಿಲ್ಲ. ನಾನೂ ಕೇಳಿರಲಿಲ್ಲ. ಅದರ ಬೆಲೆ ತೆತ್ತಿದ್ದೇನೆ.

ನಮ್ಮ ಮನೆಯ ಹಿಂದೆ ಎರಡು ಎಕರೆ ಜಾಗ. ಓಕ್, ಪೈನ್ ಮರಗಳು. ಮಣ್ಣು ಅಲ್ಲೂ ಕೆಂಪೇ, ಬೀದರ್ ನೆನಪಾಗುವಷ್ಟು ಕೆಂಪು. ಒಂದು ಕಡೆ ಇಳಿಜಾರು, ಎಲ್ಲ ಕಡೆ ಬೇರು. ಏಪ್ರಿಲಿನಿಂದ ಅಕ್ಟೋಬರ್ ತನಕ ಹೆಚ್ಚುಕಡಿಮೆ ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕು. ಮೊದಲ ಮಷೀನನ್ನು ದೊಡ್ಡ ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದರಲ್ಲಿ ಆರಿಸಿದೆ. ಹಾರ್ಸ್‌ಪವರ್ ನೋಡಿದೆ, ಅಗಲ ನೋಡಿದೆ, ಬೆಲೆ ನೋಡಿದೆ. ಬಗ್ಗಿ ಕೆಳಗೆ ಏನಿದೆ ಅಂತ ನೋಡಲಿಲ್ಲ. ಎರಡನೆಯ ಬೇಸಿಗೆಯಲ್ಲಿ ಬ್ಲೇಡ್ ಓಕ್ ಬೇರಿಗೆ ಬಡಿಯಿತು. ಬ್ಲೇಡಿಗೆ ಏನೂ ಆಗಲಿಲ್ಲ, ಅದನ್ನು ತಿರುಗಿಸುವ ದಂಡ, ಅಂದರೆ ಸ್ಪಿಂಡಲ್ಲಿನ ಅಲ್ಯೂಮಿನಿಯಂ ಹೌಸಿಂಗ್ (ಹೊರಕವಚ) ಬಿರುಕು ಬಿಟ್ಟಿತು. ಮೂರನೆಯ ಬೇಸಿಗೆಗೆ ಇಳಿಜಾರು ಹತ್ತುವಾಗ ಎಳೆತವೇ ಹೋಯಿತು. ಗೇರಿನ ಬದಲು ಎಣ್ಣೆಯ ಒತ್ತಡದಲ್ಲಿ ನಡೆಯುವ ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಷನ್ ಅದರದು. ಬಿಸಿಯಾದರೆ ಎಣ್ಣೆ ತೆಳ್ಳಗಾಗುತ್ತದೆ, ಶಕ್ತಿ ಚಕ್ರಕ್ಕೆ ಮುಟ್ಟುವುದಿಲ್ಲ. ರಿಪೇರಿಯವರು, "ಇದು ಪೂರ್ತಿ ಮುಚ್ಚಿದ್ದು, ಬಿಚ್ಚಿ ಸರಿ ಮಾಡುವಂಥದ್ದಲ್ಲ, ಹೊಸದೇ ಹಾಕಬೇಕು" ಅಂದರು. ಮಷೀನಿನ ಅರ್ಧ ಬೆಲೆ ಹೇಳಿದರು. ಮೂರು ವರ್ಷದ ವಸ್ತು ಗುಜರಿಗೆ ಹೋಯಿತು. ಇವತ್ತಿಗೂ ನನಗೆ ಅದು ಸರಿ ಅನಿಸುವುದಿಲ್ಲ.

ಅಣ್ಣನಿಗೆ ಇದನ್ನೆಲ್ಲ ಬೇವಿನ ಮರದ ಕೆಳಗೆ ಕೂತು ಹೇಳಿದೆ. ಅವನು ಮನೆಯ ಗೋಡೆಗೆ ಒರಗಿಸಿದ್ದ ಹಳೇ ಕುಂಟೆ ತೋರಿಸಿದ. ಅಪ್ಪನ ಕಾಲದ್ದು, ಜಾಲಿ ಕಟ್ಟಿಗೆಯದು. ಎಷ್ಟು ಸಲ ಕುಡ ಸವೆದಿತ್ತೋ ಅಷ್ಟು ಸಲ ಕಂಬಾರನ ಹತ್ತಿರ ಕಾಸಿ ಬಡಿಸಿಕೊಂಡು ಬರುತ್ತಿದ್ದೆವು. ಕಟ್ಟಿಗೆ ಹೋದರೆ ಬಡಿಗೇರ. ಇಬ್ಬರೂ ಊರಲ್ಲೇ ಇದ್ದರು. ಸಾಮಾನು ಕೊಳ್ಳುವ ಮುಂಚೆ ಅದನ್ನು ಸರಿ ಮಾಡುವವನು ಯಾರು ಅಂತ ಗೊತ್ತಿರುತ್ತಿತ್ತು. ಅಪ್ಪ ಟ್ರ್ಯಾಕ್ಟರ್ ತಗೊಳ್ಳುವಾಗಲೂ ಶೋರೂಮಿಗೆ ಹೋಗುವ ಮೊದಲು ಮೆಕ್ಯಾನಿಕ್ಕನ ಹತ್ತಿರ ಹೋಗಿದ್ದ. ಯಾವ ಕಂಪನಿಯ ಸ್ಪೇರ್ ಬೀದರಲ್ಲೇ ಸಿಗುತ್ತದೆ, ಯಾವುದಕ್ಕೆ ಹೈದರಾಬಾದಿಗೆ ಓಡಬೇಕು ಅಂತ ಕೇಳಿಕೊಂಡು ಬಂದಿದ್ದ.

ಈ ಬಗೆಯ ಯೋಚನೆ ಅಮೆರಿಕದಲ್ಲಿ ಇರಲೇ ಇಲ್ಲ ಅಂತಲ್ಲ. ಈಗ ಟ್ರ್ಯಾಕ್ಟರ್ ಕಂಪನಿಯ ಹೆಸರಾಗಿರುವ ಜಾನ್ ಡಿಯರ್ ಅನ್ನುವವನು ಒಬ್ಬ ಕಂಬಾರ. ಇಲಿನಾಯ್ ಬಯಲಿನ ಕರಿ ಮಣ್ಣು ನೇಗಿಲಿಗೆ ಮೆತ್ತಿಕೊಂಡು ರೈತರಿಗೆ ಸಾಕಾಗಿಹೋಗಿತ್ತು. 1837ರಲ್ಲಿ ಅವನು ನುಣುಪಾದ ಉಕ್ಕಿನ ನೇಗಿಲು ಮಾಡಿಕೊಟ್ಟ. ಕಲಬುರಗಿ ಕಡೆಯ ಎರೆ ಹೊಲದಲ್ಲಿ ಮಳೆ ಬಿದ್ದ ಮರುದಿನ ನಡೆದವರಿಗೆ ಆ ತೊಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಮಷೀನನ್ನು ನಾನು ಅಪ್ಪನ ರೀತಿಯಲ್ಲೇ ಕೊಂಡೆ. ಮೊದಲು ಹತ್ತಿರದ ರಿಪೇರಿ ಅಂಗಡಿಗೆ ಹೋದೆ. ಅವರು ಕಲಿಸಿದ್ದು ಬಹಳ. ಬ್ಲೇಡುಗಳನ್ನು ಮುಚ್ಚುವ ತಗಡಿನ ಡೆಕ್ ಇದೆಯಲ್ಲ, ಅದರಲ್ಲಿ ಎರಡು ಬಗೆ. ಒಂದೇ ತೆಳು ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದ್ದು ಒಂದು. ದಪ್ಪ ತಗಡು ಕತ್ತರಿಸಿ ವೆಲ್ಡ್ ಮಾಡಿದ್ದು ಇನ್ನೊಂದು. ಗೇಜ್ ಸಂಖ್ಯೆ ಕಡಿಮೆ ಆದಷ್ಟೂ ತಗಡು ದಪ್ಪ. 13 ಗೇಜ್ ಅಂದರೆ ಸುಮಾರು 2.3 ಮಿ.ಮೀ., 10 ಗೇಜ್ ಅಂದರೆ ಸುಮಾರು 3.4 ಮಿ.ಮೀ. ಕೇಳಲಿಕ್ಕೆ ಒಂದು ಮಿಲಿಮೀಟರ್ ಅಷ್ಟೇ. ಬೇರು, ಕಲ್ಲು ಇರುವ ಜಾಗದಲ್ಲಿ ಡೆಕ್ ಉಳಿಯುವುದೂ ಸೊಟ್ಟಗಾಗುವುದೂ ಆ ಒಂದು ಮಿಲಿಮೀಟರಿನಲ್ಲೇ. ಸ್ಪಿಂಡಲ್ ಹೌಸಿಂಗ್ ಬೀಡು ಕಬ್ಬಿಣದ್ದಾದರೆ ಒಳ್ಳೆಯದು, ಮುಂದಿನ ಆಕ್ಸಲ್ಲೂ ಹಾಗೆಯೇ. ಟ್ರಾನ್ಸ್‌ಮಿಷನ್ ಎಣ್ಣೆ ಬದಲಿಸಲು ಬರುವಂತಿರಬೇಕು.

ಝೀರೋ ಟರ್ನ್ ಅನ್ನುವ ಮಷೀನ್ ನಿಂತಲ್ಲೇ ತಿರುಗುತ್ತದೆ, ಮರಗಳ ಸುತ್ತ ಚಂದ ಕೆಲಸ ಮಾಡುತ್ತದೆ. ಸಮ ಜಾಗವಿದ್ದವರು ಧಾರಾಳವಾಗಿ ತಗೊಳ್ಳಲಿ. ಆದರೆ ಅದರ ಮುಂದಿನ ಚಕ್ರಗಳಿಗೆ ಸಾಮಾನ್ಯವಾಗಿ ಸ್ಟೀರಿಂಗ್ ಇರುವುದಿಲ್ಲ, ಹಿಂದಿನ ಎರಡು ಚಕ್ರದ ವೇಗದಲ್ಲೇ ಅದು ತಿರುಗಬೇಕು. ಒದ್ದೆ ಇಳಿಜಾರಿನಲ್ಲಿ ಹಿಂದಿನ ಚಕ್ರ ಜಾರಿದರೆ ಹಿಡಿತ ತಪ್ಪಿತು ಅಂತಲೇ ಲೆಕ್ಕ. ಅದಕ್ಕೇ ನಾನು ತಗೊಂಡಿದ್ದು ಮುಂದಿನ ಚಕ್ರಕ್ಕೆ ಸ್ಟೀರಿಂಗ್ ಇರುವ ಹಳೆಯ ಗಾರ್ಡನ್ ಟ್ರ್ಯಾಕ್ಟರ್. ತೂಕ ಜಾಸ್ತಿ, ತಿರುಗಲು ಜಾಗ ಜಾಸ್ತಿ ಬೇಕು, ಕೆಲಸ ನಿಧಾನ. ಐದು ವರ್ಷವಾಯಿತು, ಬೆಲ್ಟ್ ಮತ್ತು ಬ್ಲೇಡ್ ಬಿಟ್ಟು ಬೇರೆ ಏನೂ ಬದಲಿಸಿಲ್ಲ.

ಅಲ್ಲಿಂದ ನಮ್ಮೂರಿಗೆ ತರಬೇಕಾದ ರೂಢಿಗಳೂ ಇವೆ. ಇದನ್ನು ಅಣ್ಣನಿಗೆ ಜೋರಾಗಿಯೇ ಹೇಳಿದೆ. ಅಲ್ಲಿಯ ಮಷೀನಿನ ಸೀಟಿನ ಕೆಳಗೆ ಒಂದು ಸ್ವಿಚ್ ಇರುತ್ತದೆ. ಬ್ಲೇಡ್ ತಿರುಗುವಾಗ ಓಡಿಸುವವನು ಎದ್ದರೆ ಎಂಜಿನ್ ಆಫ್. ಬ್ಲೇಡಿನ ತುದಿ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ತಿರುಗುತ್ತಿರುತ್ತದೆ. ಅದಕ್ಕೆ ಸಿಕ್ಕಿದ ಕಲ್ಲು ಗುಂಡಿನ ಹಾಗೆ ಹಾರುತ್ತದೆ. ನಮ್ಮ ಪಕ್ಕದ ಮನೆಯ ಹಿರಿಯರು ಮಷೀನ್ ಶುರು ಮಾಡುವ ಮುಂಚೆ ಜಾಗವೆಲ್ಲ ಒಂದು ಸುತ್ತು ನಡೆದು ಕೊಂಬೆ, ಕಲ್ಲು ಆರಿಸುತ್ತಾರೆ. ಮಕ್ಕಳು ಹೊರಗಿದ್ದರೆ ಶುರುವೇ ಮಾಡುವುದಿಲ್ಲ. ಊರಲ್ಲಿ ನಾವು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಿಕೊಂಡೇ ಹೊಲಕ್ಕೆ ಹೋಗುತ್ತೇವೆ, ಅಲ್ವಾ? ಪ್ರೀತಿಯಿಂದಲೇ ಮಾಡುತ್ತೇವೆ, ಗೊತ್ತು. ಆದರೆ ಇದು ನಿಲ್ಲಬೇಕು. ಗ್ರೀಸ್ ಮತ್ತು ಎಣ್ಣೆಯ ವಿಷಯವೂ ಹೀಗೇ. ಅವರು ಓಡಿದ ಗಂಟೆ ನೋಡಿ ಎಣ್ಣೆ ಬದಲಿಸುತ್ತಾರೆ, ನಾವು ಶಬ್ದ ಬಂದ ಮೇಲೆ.

ಕೊನೆಗೆ ಅಣ್ಣನ ತೋಟಕ್ಕೆ ಏನು? ನಾನು ಬೇಡ ಅಂದೆ. ರೈಡಿಂಗ್ ಮೋವರ್, ಅಂದರೆ ಈ ಕೂತು ಓಡಿಸುವ ಮಷೀನಿನ ಬ್ಲೇಡ್ ಬೋಲ್ಟ್ ಹಾಕಿ ಬಿಗಿದದ್ದು. ಕಲ್ಲಿಗೆ ಬಡಿದರೆ ಪೆಟ್ಟೆಲ್ಲ ನೇರ ಸ್ಪಿಂಡಲ್ಲಿಗೆ. ಅವನ ಹತ್ತಿರ ಆಗಲೇ ಸಣ್ಣ ಟ್ರ್ಯಾಕ್ಟರ್ ಇದೆ. ಅದರ ಹಿಂದೆ ಕಟ್ಟುವ ಸ್ಲ್ಯಾಷರ್ ಸಿಗುತ್ತದೆ. ಅದರ ಬ್ಲೇಡುಗಳು ಕೀಲಿನ ಮೇಲೆ ಸಡಿಲವಾಗಿ ತೂಗುತ್ತವೆ, ಕಲ್ಲು ಸಿಕ್ಕರೆ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಮರದ ಬುಡಕ್ಕೆ ಬ್ರಷ್ ಕಟರ್ ಸಾಕು. ಇನ್ನೊಂದು ಮಾತು. ಅಲ್ಲಿಯ ಮೋವರ್ ಕಂಪನಿಗಳು ಸಾಮಾನ್ಯವಾಗಿ ಶೇ. 10ಕ್ಕಿಂತ ಜಾಸ್ತಿ ಎಥನಾಲ್ ಇರುವ ಪೆಟ್ರೋಲ್ ಹಾಕಬೇಡಿ ಅನ್ನುತ್ತವೆ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇ. 20ರದ್ದು. ವರ್ಷದಲ್ಲಿ ನಾಲ್ಕು ತಿಂಗಳ ಹುಲ್ಲಿಗೆ, ಉಳಿದ ಎಂಟು ತಿಂಗಳು ಕಾರ್ಬ್ಯುರೇಟರಿನಲ್ಲಿ ಆ ಪೆಟ್ರೋಲ್ ಇಟ್ಟುಕೊಂಡು ನಿಲ್ಲುವ ಮಷೀನ್ ಯಾಕೆ ಬೇಕು?

ಅಣ್ಣ ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ, "ಸ್ಲ್ಯಾಷರಿನ ಬೇರಿಂಗ್ ಇಲ್ಲೇ ಸಿಗ್ತಾವ, ನಾ ಕೇಳಿನಿ" ಅಂದ. ಅಂದರೆ ನಾನು ಬರುವ ಮುಂಚೆಯೇ ವಿಚಾರಿಸಿ ಇಟ್ಟಿದ್ದ.

ಅವನ ಬೇರಿಂಗ್ ನಂಬರಿನ ಪ್ರಶ್ನೆಗೆ ಉತ್ತರ ಅವತ್ತು ರಾತ್ರಿ ಹುಡುಕಿದೆ. ನನ್ನ ಮಷೀನಿನ ಪುಸ್ತಕದ ಫೋಟೋ ಫೋನಿನಲ್ಲಿತ್ತು. ಸ್ಪಿಂಡಲ್ಲಿಗೆ 6204. ಒಳ ವ್ಯಾಸ 20, ಹೊರ ವ್ಯಾಸ 47, ದಪ್ಪ 14 ಮಿ.ಮೀ. ಈ ನಂಬರ್ ಇಡೀ ಜಗತ್ತಿಗೆ ಒಂದೇ. ಮರುದಿನ ಇಬ್ಬರೂ ಬೀದರಿಗೆ ಹೋದೆವು. ಮೋಟಾರ್ ಸಾಮಾನಿನ ಅಂಗಡಿಯಲ್ಲಿ ನಂಬರ್ ಹೇಳಿದ ಕೂಡಲೇ ಹುಡುಗ ಡಬ್ಬಿ ತೆಗೆದಿಟ್ಟ. ಎರಡೂ ಕಡೆ ರಬ್ಬರ್ ಸೀಲ್ ಇರುವುದೇ ಕೊಡು, ಹುಲ್ಲಿನ ಧೂಳು ಒಳಗೆ ಹೋಗಬಾರದು ಅಂತ ಅಣ್ಣನೇ ಹೇಳಿದ. ನಾಲ್ಕು ಕೊಂಡೆ. ಈಗ ಅವು ಜಾರ್ಜಿಯಾದಲ್ಲಿ, ಗ್ಯಾರೇಜಿನ ಕಪಾಟಿನಲ್ಲಿ, ಬೀದರಿನ ಅಂಗಡಿಯ ಕಾಗದ ಸುತ್ತಿಕೊಂಡೇ ಇವೆ.