ಬಾಗಿಲಿನ ನಿಂಬೆ-ಮೆಣಸು ವಿಟಮಿನ್ ಕೊಡುತ್ತದೆಯೇ?

ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿದ ಹತ್ತಿದಾರ ರಸ ಹೀರಿಕೊಂಡು ವಿಟಮಿನ್ ‘ಸಿ’ಯನ್ನು ಮೆಲ್ಲಗೆ ಗಾಳಿಗೆ ಬಿಡುತ್ತದೆ, ಮನೆಮಂದಿಯ ಆರೋಗ್ಯ ಕಾಯುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ಅಮಾವಾಸ್ಯೆ ಬಂತೆಂದರೆ ಮತ್ತೆ ಸುತ್ತುತ್ತದೆ.

ದಾರ ರಸ ಹೀರುವುದು ನಿಜ. ಆದರೆ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ಮಾಮೂಲಿ ಉಷ್ಣಾಂಶದಲ್ಲಿ ಘನವಸ್ತು. ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಹೊತ್ತಿಗೇ ಒಡೆದುಹೋಗುತ್ತದೆ. ಆವಿಯಾಗಿ ಮೂಗಿಗೆ ಬರುವ ಪೈಕಿ ಅದಲ್ಲ. ಘಮ ಬರುವುದು ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೋನೀನ್‌ನಂಥ, ಸುಲಭವಾಗಿ ಆವಿಯಾಗುವ ವಸ್ತುಗಳಿಂದ. ಅಂಗಡಿ ಶಟರಿಗೆ ಶನಿವಾರ ಕಟ್ಟಿದ್ದನ್ನು ಗುರುವಾರ ನೋಡಿ: ಮೆಣಸು ಸುಕ್ಕು, ಹಣ್ಣು ಕಂದು. ಗಾಳಿಗೆ ಹೋದದ್ದು ಬಹುಪಾಲು ಬರೀ ನೀರು.

ದೃಷ್ಟಿಗೆಂದು ಕಟ್ಟುವವರು ಕಟ್ಟಲಿ, ಅದು ನಂಬಿಕೆಯ ಮಾತು. ವಿಟಮಿನ್ ಬೇಕಿದ್ದರೆ ಇನ್ನೊಂದು ನಿಂಬೆಯನ್ನು ಚಿತ್ರಾನ್ನಕ್ಕೆ ಹಿಂಡಿ, ಒಲೆ ಆರಿಸಿದ ಮೇಲೆ.